ಅರ್ಧ ನೇರ, ಅರ್ಧ ಗುಂಗುರು: ಕೊಡಗಿನ ಹವೆಯಲ್ಲಿ ಯಾವ ಆರೈಕೆ ಒಗ್ಗಿತು, ಯಾವುದು ಒಗ್ಗಲಿಲ್ಲ

ಪಾರ್ಲರ್‌ನಲ್ಲಿ ಸ್ಟ್ರೈಟನಿಂಗ್ ಮಾಡಿಸುವುದನ್ನು ನಿಲ್ಲಿಸಿದ ಮೇಲೆ ಮೊದಲ ಒಂದೆರಡು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಬುಡದಲ್ಲಿ ಗುಂಗುರು ಏಳುತ್ತದೆ. ಕೆಳಗಿನ ನೇರ ಕೂದಲು ಹಾಗೇ ಇಳಿಬಿದ್ದಿರುತ್ತದೆ. ಎರಡೂ ಸೇರುವ ಸಂದು ಇದೆಯಲ್ಲ, ಕೂದಲು ತುಂಡಾಗುವುದು ಅಲ್ಲೇ.

ಒಂದು ಕೂದಲನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಬುಡದ ಕಡೆ ಸುರುಳಿ, ಮುಟ್ಟಿದರೆ ಸ್ವಲ್ಪ ಒರಟು. ಕೆಳಗೆ ಬಂದ ಹಾಗೆ ಒಂದು ಕಡೆ ಥಟ್ಟನೆ ಬಾಗಿ, ಅಲ್ಲಿಂದ ಮುಂದೆ ನೇರ, ಜೀವವಿಲ್ಲದ ಹಾಗೆ ನುಣುಪು. ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದರೆ ಹೆಚ್ಚಾಗಿ ಆ ಬಾಗಿದ ಜಾಗದಲ್ಲೇ ತುಂಡಾಗುತ್ತದೆ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನೂ ಹೀಗೇ ನೋಡಬಹುದು. ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಉದುರಿದ್ದು. ದಿನಾ ಒಂದಷ್ಟು ಹಾಗೆ ಉದುರುವುದು ಸಹಜ, ಚಿಂತೆ ಬೇಡ. ಬಿಳಿ ಗುಂಡಿಲ್ಲದ ಚೂರು ಸಿಕ್ಕರೆ ಅದು ನಡುವೆ ತುಂಡಾದದ್ದು. ಕೆಳಗೆ ಬರೆದ ಎಲ್ಲವನ್ನೂ ನಾನು ತೂಗಿ ನೋಡಿದ್ದು ಈ ಚೂರುಗಳ ಲೆಕ್ಕದಲ್ಲೇ. ಯಾವುದರಿಂದ ಚೂರು ಕಡಿಮೆಯಾಯಿತೋ ಅದು ಒಳ್ಳೆಯದು, ಅಷ್ಟೇ.

ಹೀಗೆ ಯಾಕಾಗುತ್ತದೆ ಅಂತ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಕೂದಲಿಗೆ ಆಕಾರ ಕೊಡುವುದು ಕೆರಾಟಿನ್ ಎಂಬ ಪ್ರೋಟೀನಿನ ಒಳಗಿರುವ ಗಂಧಕದ ಕೊಂಡಿಗಳು. ನಮ್ಮ ಕಡೆ ಸ್ಟ್ರೈಟನಿಂಗ್, ರೀಬಾಂಡಿಂಗ್‌ಗೆ ಬಳಸುವ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಥಯೋಗ್ಲೈಕೊಲೇಟ್. ಅದು ಕೊಂಡಿ ಬಿಡಿಸುತ್ತದೆ. ಆಮೇಲೆ ಕಾದ ಮೆಷಿನ್ನಿನಲ್ಲಿ ಕೂದಲನ್ನು ನೇರ ಮಾಡುತ್ತಾರೆ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿ ಕೊಂಡಿಗಳನ್ನು ಹೊಸ ಜಾಗದಲ್ಲಿ ಕೂರಿಸುತ್ತಾರೆ. ಅಮೆರಿಕದ ಕಪ್ಪು ಮಹಿಳೆಯರು ಬಹಳ ಕಾಲ ಬಳಸಿದ, ಕೂದಲು ನೇರ ಮಾಡುವ ರಿಲ್ಯಾಕ್ಸರ್ ಎಂಬ ಕ್ರೀಮು ಬೇರೆ. ಅದರಲ್ಲಿ ಹೆಚ್ಚಾಗಿ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತದೆ, ಇನ್ನೂ ತೀಕ್ಷ್ಣ. ಅದನ್ನು ಬಿಟ್ಟು ಸಹಜ ಕೂದಲಿಗೆ ಮರಳುವ ದಾರಿಯನ್ನು ಚೆನ್ನಾಗಿ ಬಲ್ಲವರೂ ಅವರೇ. ನೇರ ಭಾಗವನ್ನೆಲ್ಲ ಒಂದೇ ಸಲ ಕತ್ತರಿಸುವುದಕ್ಕೆ ಬಿಗ್ ಚಾಪ್ ಅನ್ನುತ್ತಾರೆ. ನಾನು ಮಾಡಿ ನೋಡಿದ ಜಡೆ, ಸ್ಯಾಟಿನ್ ಬಟ್ಟೆ ಎಲ್ಲ ಬಹುಪಾಲು ಅವರಿಂದ ಕಲಿತದ್ದು. ಕ್ರೀಮು ಯಾವುದೇ ಇರಲಿ, ಒಮ್ಮೆ ನೇರವಾದ ಭಾಗ ಯಾವ ಎಣ್ಣೆಗೂ ಯಾವ ಸೊಪ್ಪಿಗೂ ಮತ್ತೆ ಗುಂಗುರಾಗುವುದಿಲ್ಲ. ಹೊಸದು ಬುಡದಿಂದಲೇ ಬರಬೇಕು.

ಒಂದೇ ಸಲ ಕತ್ತರಿಸುವುದಾ, ಸ್ವಲ್ಪ ಸ್ವಲ್ಪವೇ ಕತ್ತರಿಸುವುದಾ?

ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1.25 ಸೆಂಟಿಮೀಟರ್. ವರ್ಷಕ್ಕೆ 15. ಭುಜ ದಾಟಲು 30 ಸೆಂಟಿಮೀಟರ್ ಬೇಕು ಅಂದುಕೊಂಡರೆ ಎರಡು ವರ್ಷ. ಗುಂಗುರು ಸುತ್ತಿಕೊಳ್ಳುವುದರಿಂದ ಅಷ್ಟು ಉದ್ದ ಇದ್ದರೂ ಗಿಡ್ಡ ಕಾಣುತ್ತದೆ.

ನಮ್ಮ ಮನೆಯಲ್ಲಿ ಎರಡೂ ನಡೆಯಿತು. ಅಕ್ಕ ಒಂದೇ ಸಲಕ್ಕೆ ಕಿವಿ ಮಟ್ಟಕ್ಕೆ ಕತ್ತರಿಸಿಕೊಂಡಳು. ನಾನು ತಿಂಗಳಿಗಿಷ್ಟು ಅಂತ ತುದಿ ಕತ್ತರಿಸುತ್ತಾ ಬಂದೆ. ಅವಳಿಗೆ ಸಂದೂ ಇಲ್ಲ, ಸಿಕ್ಕೂ ಇಲ್ಲ. ತಲೆಗೆ ನೀರು ಹಾಕಿಕೊಂಡ ಒಂದು ಗಂಟೆಯಲ್ಲಿ ಒಣಗಿ ಹೋಗುತ್ತಿತ್ತು. ನಾಪೋಕ್ಲು ಕಡೆ ಜುಲೈನಲ್ಲಿ ಅದು ಸಣ್ಣ ವಿಷಯ ಅಲ್ಲ. ಕಕ್ಕಡ ಅನ್ನುವ ಜೋರು ಮಳೆಯ ತಿಂಗಳಲ್ಲಿ ಒಗೆದ ಬಟ್ಟೆಯನ್ನೇ ಒಲೆ ಮೇಲೆ ಕಟ್ಟಿ ಒಣಗಿಸುವ ಊರು ನಮ್ಮದು. ಉದ್ದ ಕೂದಲು ಸಂಜೆಯವರೆಗೂ ಬುಡದಲ್ಲಿ ಹಸಿಯಾಗೇ ಇರುತ್ತದೆ. ಮುಗ್ಗಲು ವಾಸನೆ, ನೆತ್ತಿ ತುರಿಕೆ, ಹೊಟ್ಟು ಎಲ್ಲ ಅಲ್ಲಿಂದಲೇ. ಆದರೆ ತುರುಬು ಕಟ್ಟುವಷ್ಟು ಕೂದಲು ಇಲ್ಲದೆ ಒಂದು ಮದುವೆ ಸೀಸನ್ ಕಳೆಯುವುದು ಅವಳಿಗೆ ಕಷ್ಟವಾಯಿತು. ಬಂದವರೆಲ್ಲ ಕೇಳುವುದು ಅದೊಂದೇ ಪ್ರಶ್ನೆ.

ನನ್ನ ತೀರ್ಮಾನ ಇಷ್ಟು. ಹೊಸ ಕೂದಲು ಗಲ್ಲದವರೆಗೆ ಬರುವ ತನಕ ಮಾತ್ರ ತಾಳಿಕೊಳ್ಳಿ. ಆಮೇಲೆ ಉಳಿದ ನೇರ ಭಾಗವನ್ನು ಒಂದೇ ಸಲ ತೆಗೆಸಿ. ಅದಕ್ಕಿಂತ ಮುಂದಕ್ಕೆ ಎಳೆದರೆ ಉಳಿಸಿದ ಉದ್ದಕ್ಕಿಂತ ತುಂಡಾಗಿ ಹೋಗುವುದೇ ಜಾಸ್ತಿ. ತೆಗೆಸುವುದಾದರೆ ಮೇ ತಿಂಗಳಲ್ಲಿ ತೆಗೆಸಿ, ಮಳೆ ಹಿಡಿಯುವ ಮೊದಲು.

ಬುಡಕ್ಕೆ ಮಾತ್ರ ಮತ್ತೆ ಟಚಪ್ ಮಾಡಿಸಿ ಒಂದೇ ತರಹ ಕಾಣುವ ಹಾಗೆ ಮಾಡಿ ಅಂತ ಪಾರ್ಲರ್‌ನವರು ಹೇಳುತ್ತಾರೆ. ಅದು ಬೇಡ. 2022ರಲ್ಲಿ ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೇರ ಮಾಡುವ ಉತ್ಪನ್ನ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು. ಬಳಸದವರಲ್ಲಿ 70 ವರ್ಷದ ಹೊತ್ತಿಗೆ 1.64 ಶೇಕಡ, ಪದೇ ಪದೇ ಬಳಸಿದವರಲ್ಲಿ 4.05 ಶೇಕಡ. ಕಾರಣ ಅದೇ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಬಿಡಬೇಕು ಅಂತ ಮನಸ್ಸು ಮಾಡಿದವರು ಮತ್ತೆ ಆ ಕುರ್ಚಿಯಲ್ಲಿ ಕೂರಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಸೀಗೆಕಾಯಿ, ದಾಸವಾಳದ ಸೊಪ್ಪು, ಸಲ್ಫೇಟ್ ಇಲ್ಲದ ಶಾಂಪೂ

ನಾನು ಜಾಸ್ತಿ ಪ್ರಯೋಗ ಮಾಡಿದ್ದು ಇಲ್ಲೇ.

ಸೀಗೆಪುಡಿ ಚಿಕ್ಕಂದಿನಿಂದ ಗೊತ್ತಿರುವುದು. ಎಣ್ಣೆ ಚೆನ್ನಾಗಿ ತೆಗೆಯುತ್ತದೆ, ನೆತ್ತಿ ಹಗುರಾಗುತ್ತದೆ. ಆದರೆ ಎರಡು ತರಹದ ಕೂದಲು ಇರುವಾಗ ಪುಡಿ ತೊಂದರೆ ಕೊಡುತ್ತದೆ. ಸಣ್ಣ ತರಿ ಸುರುಳಿಯೊಳಗೆ ಕೂತುಬಿಡುತ್ತದೆ. ಅದನ್ನು ತೆಗೆಯಲು ಉಜ್ಜಬೇಕು. ಉಜ್ಜಿದರೆ ಸಿಕ್ಕು. ಸಿಕ್ಕು ಬಿಡಿಸಿದರೆ ಚೂರು. ಪುಡಿಯ ಬದಲು ಕಾಯನ್ನೇ ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಹಾಕಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಆದರೂ ತೊಳೆದ ಮೇಲೆ ಕೂದಲು ಒಣಒಣ ಅನ್ನಿಸುತ್ತದೆ, ಬೆರಳು ಜಾರುವುದಿಲ್ಲ.

ದಾಸವಾಳದ ಸೊಪ್ಪಿನದು ಬೇರೆಯೇ ಗುಣ. ಬೇಲಿಯಿಂದ ಎರಡು ಹಿಡಿ ಎಲೆ ಕಿತ್ತು, ತೊಳೆದು, ಉಗುರುಬೆಚ್ಚಗಿನ ನೀರಲ್ಲಿ ಕೈಯಿಂದಲೇ ಚೆನ್ನಾಗಿ ಕಿವುಚಬೇಕು. ಮಿಕ್ಸಿಗೆ ಹಾಕಿದರೆ ಎಲೆಯ ನುಚ್ಚು ಕೂದಲಲ್ಲಿ ಉಳಿಯುತ್ತದೆ. ಕಿವುಚುತ್ತಾ ಹೋದ ಹಾಗೆ ನೀರು ಹಸಿರಾಗಿ, ಕೈಯಿಂದ ಎತ್ತಿದರೆ ದಾರದ ಹಾಗೆ ಇಳಿಯುವ ಲೋಳೆ ಬರುತ್ತದೆ. ಹಳೆಯ ಪಂಚೆ ತುಂಡಿನಲ್ಲಿ ಹಿಂಡಿ ಸೋಸಿ. ತಲೆಗೆ ಹಾಕಿ ಹತ್ತು ನಿಮಿಷ ಬಿಟ್ಟು, ಲೋಳೆ ಇರುವಾಗಲೇ ತುದಿಯಿಂದ ಶುರು ಮಾಡಿ ಬೆರಳಿನಿಂದ ಸಿಕ್ಕು ಬಿಡಿಸಿ. ಸಂದಿನ ಹತ್ತಿರ ಬಂದಾಗ ಮೇಲಿನ ಕೂದಲನ್ನು ಇನ್ನೊಂದು ಕೈಯಲ್ಲಿ ಗಟ್ಟಿ ಹಿಡಿದುಕೊಳ್ಳಿ, ಎಳೆತ ಅಲ್ಲಿಗೆ ಬೀಳಬಾರದು. ಬಾಚಣಿಗೆಯೇ ಬೇಕಾಗುವುದಿಲ್ಲ. ಚೂರು ಸಿಗುವುದು ಬಹಳ ಕಡಿಮೆಯಾದದ್ದು ಈ ಸೊಪ್ಪು ಹಿಡಿದ ಮೇಲೆ. ಸುಮ್ನೆ ಹೊಗಳುತ್ತಿಲ್ಲ, ಅಜ್ಜಿ ಮಾಡುತ್ತಿದ್ದದ್ದು ಅನ್ನುವ ಪ್ರೀತಿಯಿಂದಲೂ ಹೇಳುತ್ತಿಲ್ಲ. ಕೈಗೆ ಗೊತ್ತಾಗುತ್ತದೆ.

ಕೊರತೆಯೂ ಇದೆ. ಲೋಳೆ ಪೂರ್ತಿ ಹೋಗಲು ಎರಡು ಕೊಡ ನೀರು ಜಾಸ್ತಿ ಬೇಕು. ಜೋರು ಮಳೆ, ಚಳಿ, ಕರೆಂಟೂ ಇಲ್ಲ ಅನ್ನುವ ದಿನ ಅಷ್ಟು ಹೊತ್ತು ಬಚ್ಚಲಲ್ಲಿ ನಿಲ್ಲಲು ಆಗುವುದಿಲ್ಲ. ಎಣ್ಣೆ ಜಾಸ್ತಿ ಇದ್ದರೆ ಸೊಪ್ಪೊಂದರಿಂದ ಹೋಗುವುದೂ ಇಲ್ಲ.

ಅಂಥ ದಿನಕ್ಕೆ ಸಲ್ಫೇಟ್ (ಕೊಳೆ, ಎಣ್ಣೆ ತೆಗೆಯುವ ತೀಕ್ಷ್ಣ ನೊರೆ ಪದಾರ್ಥ) ಇಲ್ಲದ ಶಾಂಪೂ ಮತ್ತು ಕಂಡಿಷನರ್. ಶಾಂಪೂ ನೆತ್ತಿಗೆ ಮಾತ್ರ, ಕಂಡಿಷನರ್ ಸಂದಿನಿಂದ ಕೆಳಗೆ. ಅಕ್ಕ ಈಗ ಇರುವುದು ಕುಶಾಲನಗರದಲ್ಲಿ, ಅವರದು ಬೋರ್‌ವೆಲ್ಲಿನ ಗಡಸು ನೀರು. ನಮ್ಮ ತೋಟದ ಒರತೆ ನೀರಲ್ಲಿ ಚೆನ್ನಾಗಿ ನೊರೆ ಬರುವ ಶಾಂಪೂ ಅಲ್ಲಿ ಬರುವುದೇ ಇಲ್ಲ, ಕೂದಲೂ ಒರಟಾಗುತ್ತದೆ. ಅವಳು ಕೊನೆಯ ಸಲ ತೊಳೆಯಲು ಹಿಡಿದಿಟ್ಟ ಮಳೆ ನೀರನ್ನೇ ಬಳಸುತ್ತಾಳೆ. ಅದು ಅವಳಿಗೆ ದುಬಾರಿ ಕಂಡಿಷನರ್‌ಗಿಂತ ಜಾಸ್ತಿ ಕೆಲಸ ಮಾಡಿತು.

ನನ್ನದು ಹೀಗೆ ನಿಂತಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಂಪೂ ಮತ್ತು ಕಂಡಿಷನರ್, ಉಳಿದ ತಿಂಗಳು ದಾಸವಾಳ. ಸೀಗೆ ಅಪರೂಪಕ್ಕೆ, ಎಣ್ಣೆ ಸ್ನಾನದ ದಿನ, ಅದೂ ಸೋಸಿದ ನೀರು.

ಎಣ್ಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವ ಮೊದಲು ಹಚ್ಚಿದರೆ ಪ್ರೋಟೀನ್ ಸೋರಿ ಹೋಗುವುದನ್ನು ಕಡಿಮೆ ಮಾಡುತ್ತದೆ. ಹರಳೆಣ್ಣೆ ದಪ್ಪ, ಮೇಲೇ ಕೂರುತ್ತದೆ. ಹಚ್ಚುವಾಗಲೂ ಎಳೆತ, ತೆಗೆಯುವಾಗಲೂ ಎಳೆತ. ಕೂದಲು ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವೂ ಇಲ್ಲ. ಕೊಬ್ಬರಿಯೇ ಸಾಕು. ಡಿಸೆಂಬರ್‌ನಲ್ಲಿ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ ಅಲ್ವಾ, ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ಇಡಿ.

ಇಸ್ತ್ರಿ ಮಾಡುವುದಾ, ಜಡೆ ಹೆಣೆದು ಬಿಚ್ಚುವುದಾ?

ಎರಡು ತರಹದ ಕೂದಲನ್ನು ಒಂದೇ ತರಹ ಕಾಣಿಸಲು ದಾರಿ ಎರಡೇ. ಬುಡವನ್ನು ನೇರ ಮಾಡಬೇಕು, ಇಲ್ಲವೇ ತುದಿಯನ್ನು ಗುಂಗುರು ಮಾಡಬೇಕು.

ಇಸ್ತ್ರಿಯಲ್ಲಿ, ಅಂದರೆ ಕೂದಲು ನೇರ ಮಾಡುವ ಕಾದ ಮೆಷಿನ್ನಿನಲ್ಲಿ, ಕೆಲಸ ಬೇಗ ಮುಗಿಯುತ್ತದೆ. ಆದರೆ ಶಾಖದಿಂದ ನೇರವಾದದ್ದು ನೀರಿನ ತೇವ ತಾಗಿದ ಕೂಡಲೇ ಮೊದಲಿನ ಹಾಗಾಗುತ್ತದೆ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮಂಜಿನಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಬುಡ ಎದ್ದು ನಿಲ್ಲುತ್ತದೆ, ತುದಿ ಮಾತ್ರ ನೇರ. ಮಾಡಿದ್ದೆಲ್ಲ ದಂಡ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮತ್ತೆ ಮತ್ತೆ ಶಾಖ ಕೊಟ್ಟರೆ ಹೊಸ ಗುಂಗುರೂ ಸಡಿಲವಾಗಿ, ತೊಳೆದರೂ ಸುರುಳಿ ಸುತ್ತುವುದಿಲ್ಲ. ಯಾವುದನ್ನು ಬೆಳೆಸಲು ಹೊರಟೆವೋ ಅದನ್ನೇ ಸುಟ್ಟ ಹಾಗೆ.

ಜಡೆಗೆ ಸಮಯ ಬೇಕು. ಆದರೆ ಗೆದ್ದದ್ದು ಅದೇ. ಕೂದಲು ಮುಕ್ಕಾಲು ಪಾಲು ಒಣಗಿರುವಾಗ ನಾಲ್ಕೈದು ಭಾಗ ಮಾಡಿ, ಸ್ವಲ್ಪ ಜೆಲ್ ಸವರಿ, ಬುಡದಲ್ಲಿ ಸಡಿಲವಾಗಿ ಶುರು ಮಾಡಿ, ಸಂದು ದಾಟಿದ ಮೇಲೆ ಬಿಗಿಯಾಗಿ ಹೆಣೆಯಬೇಕು. ನೇರ ತುದಿ ಜಡೆಯಲ್ಲಿ ಅಲೆ ಪಡೆಯುತ್ತದೆ, ಸುರುಳಿ ಪಡೆಯುವುದಿಲ್ಲ. ಅದಕ್ಕೆ ಕೊನೆಯ ನಾಲ್ಕು ಬೆರಳು ಉದ್ದವನ್ನು ಹೆಣೆಯದೆ, ಸ್ಯಾಟಿನ್ ರಿಬ್ಬನ್ ತುಂಡಿಗೆ ಸುತ್ತಿ ಗಂಟು ಹಾಕಿ. ಬೆಳಿಗ್ಗೆ ಬಿಚ್ಚುವಾಗ ಬೆರಳ ತುದಿಗೆ ಒಂದು ಹನಿ ಎಣ್ಣೆ. ಬಾಚಬೇಡಿ. ಪೂರ್ತಿ ಒದ್ದೆ ಕೂದಲಿಗೆ ಹೆಣೆದರೆ ಜುಲೈನಲ್ಲಿ ಬೆಳಗಾದರೂ ಒಳಗೆ ಒಣಗಿರುವುದಿಲ್ಲ. ಒದ್ದೆ ಕೂದಲು ಎಳೆತಕ್ಕೆ ಬೇಗ ಸೋಲುತ್ತದೆ ಅನ್ನುವುದೂ ನೆನಪಿರಲಿ. ಅಗ್ಗಿಷ್ಟಿಕೆ ಪಕ್ಕ ಸ್ವಲ್ಪ ದೂರದಲ್ಲಿ ಕೂತು, ಹಳೆಯ ಹತ್ತಿ ಬನಿಯನ್‌ನಲ್ಲಿ ಒತ್ತಿ ನೀರು ತೆಗೆದ ಮೇಲೆ ಹೆಣೆಯಿರಿ. ಟರ್ಕಿ ಟವೆಲ್‌ನಲ್ಲಿ ಉಜ್ಜುವುದು ಬೇಡವೇ ಬೇಡ.

ಕಾಫಿ ಕುಯ್ಲಿನ ಸಮಯ ತೋಟಕ್ಕೆ ಹೋಗುವವರು ತಲೆಗೆ ಕಟ್ಟುವ ಬಟ್ಟೆಯ ಒಳಗೆ ಒಂದು ಸ್ಯಾಟಿನ್ ತುಂಡು ಸೇರಿಸಿಕೊಳ್ಳಿ. ಹತ್ತಿ ಬಟ್ಟೆ ದಿನವಿಡೀ ಉಜ್ಜಿ ಹಣೆಯ ಅಂಚಿನ ಕೂದಲು ತುಂಡಾಗುವುದು ಇದರಿಂದ ಕಡಿಮೆಯಾಯಿತು. ದಿಂಬಿನ ಕವರೂ ಅಷ್ಟೇ.

ಜೆಲ್ ಯಾವುದು?

ಅಗಸೆ ಬೀಜದ ಜೆಲ್ ನನಗೆ ಇಷ್ಟ. ಒಂದು ಪಾಲು ಬೀಜಕ್ಕೆ ಎಂಟು ಪಾಲು ನೀರು ಹಾಕಿ, ಕೈಯಾಡಿಸುತ್ತಾ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಲೋಳೆಯಾದ ಕೂಡಲೇ ಇಳಿಸಿ ಬಿಸಿ ಇರುವಾಗಲೇ ಸೋಸಬೇಕು. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಕೂದಲಿಗೆ ಹಿಡಿತ ಕೊಡುತ್ತದೆ, ಗಟ್ಟಿ ಮಾಡುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೆ ಹುಳಿ ವಾಸನೆ ಬರುತ್ತದೆ, ಆಗ ಎಸೆಯಲೇಬೇಕು. ಹಾಗಾಗಿ ಆ ತಿಂಗಳಲ್ಲಿ ಅಂಗಡಿ ಜೆಲ್. ಆದರೆ ಗ್ಲಿಸರಿನ್ ಹೆಸರು ಪಟ್ಟಿಯ ಮೊದಲಲ್ಲೇ ಇರುವುದನ್ನು ಬಿಡಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ಕೂದಲು ಉಬ್ಬಿ ಕೆದರುತ್ತದೆ. ಲೋಳೆಸರ ಹಚ್ಚಿದಾಗ ಚೆನ್ನಾಗಿರುತ್ತದೆ, ಹಿಡಿತ ಮಾತ್ರ ಇಲ್ಲ. ಬಳಸುವುದಾದರೆ ಎಲೆ ಕತ್ತರಿಸಿ ಹಳದಿ ರಸ ಸೋರಿ ಹೋಗುವ ತನಕ ನಿಲ್ಲಿಸಿಡಿ, ಅದು ಚರ್ಮಕ್ಕೆ ತುರಿಕೆ ತರುತ್ತದೆ.

ಮದುವೆಗೆ, ಪುತ್ತರಿ ಎಂಬ ಸುಗ್ಗಿ ಹಬ್ಬಕ್ಕೆ ತಲೆ ಕಟ್ಟುವುದಾದರೆ ಪಾರ್ಲರ್‌ನ ಇಸ್ತ್ರಿ ಮತ್ತು ಸ್ಪ್ರೇಗಿಂತ ಮನೆಯ ತುರುಬು ಮೇಲು. ಹಿಂದಿನ ದಿನ ಹೆಣೆದ ಜಡೆ ಬಿಚ್ಚಿ, ಮುಂದಿನ ಗುಂಗುರನ್ನು ಹಾಗೇ ಬಿಟ್ಟು, ನೇರ ತುದಿಯನ್ನೆಲ್ಲ ತುರುಬಿನೊಳಗೆ ಸುತ್ತಿ ಪಿನ್ ಹಾಕಿ. ರಬ್ಬರ್ ಬ್ಯಾಂಡ್ ಬೇಡ, ಅದು ಸರಿಯಾಗಿ ಸಂದಿನ ಮೇಲೇ ಕೂರುತ್ತದೆ. ಮೇಲೆ ಮಲ್ಲಿಗೆ ಮುಡಿದರೆ ಒಳಗಿರುವುದು ಎರಡು ತರಹದ ಕೂದಲು ಅಂತ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಕೊಡವ ಹೆಂಗಸರು ತಲೆಗೆ ವಸ್ತ್ರ ಕಟ್ಟುವುದಾದರೆ ಇನ್ನೂ ಸುಲಭ, ಹಣೆಯ ಹತ್ತಿರ ನಾಲ್ಕು ಸುರುಳಿ ಕಂಡರೆ ಸಾಕು. ತಲೆ ಒದ್ದೆ ಇರುವಾಗ ಮಾತ್ರ ತುರುಬು ಬೇಡ, ಎಷ್ಟೇ ಅವಸರ ಇದ್ದರೂ.