ಸ್ಯಾಂಪ್ಲಿಕೇಟರ್: ವರ್ಷಗಟ್ಟಲೆ ಓಡಿಸಿದ ಮೇಲೆ

ಜಾಲದಲ್ಲಿ ಯಾರು ಯಾರಿಗೆ ಎಷ್ಟು ಡೇಟಾ ಕಳಿಸಿದರು ಅನ್ನುವ ಫ್ಲೋ ದಾಖಲೆಯನ್ನು ರೌಟರ್‌ಗಳು ನೆಟ್‌ಫ್ಲೋ ಪ್ಯಾಕೆಟ್‌ಗಳಲ್ಲಿ ಕಳಿಸುತ್ತವೆ. ಅದನ್ನು ಕೂಡಿಡುವ ಪ್ರೋಗ್ರಾಂಗೆ ಕಲೆಕ್ಟರ್ ಅನ್ನುತ್ತಾರೆ. ಆ ಪ್ಯಾಕೆಟ್‌ಗಳನ್ನು ಒಂದೇ ಕಡೆ ಬರಮಾಡಿಕೊಂಡು, ಅವುಗಳ ಪ್ರತಿಯನ್ನು ಹಲವು ಕಲೆಕ್ಟರ್‌ಗಳಿಗೆ ಕಳಿಸುವ ಚಿಕ್ಕ ಪ್ರೋಗ್ರಾಂ ಇದು. ಸಿ ಭಾಷೆಯಲ್ಲಿ ಬರೆದದ್ದು, ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಹಲವು ವರ್ಷಗಳಿಂದ ಇದನ್ನೇ ನಂಬಿಕೊಂಡಿದ್ದೇನೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.

ಫ್ಲೋ ದಾಖಲೆ ಎಲ್ಲರಿಗೂ ಬೇಕು. ಭದ್ರತೆ ನೋಡುವವರು ಅದರಲ್ಲಿ ದಾಳಿ ಹುಡುಕುತ್ತಾರೆ. ಲಿಂಕ್‌ಗಳನ್ನು ನೋಡಿಕೊಳ್ಳುವವರಿಗೆ ಯಾವುದು ಯಾವಾಗ ತುಂಬುತ್ತದೆ ಅನ್ನುವ ಲೆಕ್ಕ ಬೇಕು. ಬಿಲ್ಲಿಂಗ್‌ನವರದು ಇನ್ನೊಂದು ಕಲೆಕ್ಟರ್. ಆದರೆ ಸಿಸ್ಕೋದ ಹಳೇ ಐಒಎಸ್ ನೆಟ್‌ಫ್ಲೋದಲ್ಲಿ ಎರಡೇ ಕಲೆಕ್ಟರ್‌ಗಳ ವಿಳಾಸ ಕೊಡಲು ಸಾಧ್ಯ. ಹೊಸ ಸಾಧನಗಳಲ್ಲಿ ಜಾಸ್ತಿ ಕೊಡಬಹುದು, ನಿಜ. ಆದರೂ ಹೊಸ ಕಲೆಕ್ಟರ್ ಬಂದಾಗಲೆಲ್ಲ ಪ್ರತಿ ರೌಟರ್‌ಗೂ ಕೈ ಹಾಕಬೇಕು, ಅದಕ್ಕೆ ಅನುಮತಿ ಕೇಳಬೇಕು. ಇಲ್ಲಿ ಆ ತಾಪತ್ರಯವೇ ಇಲ್ಲ. ಸ್ಯಾಂಪ್ಲಿಕೇಟರ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು: ಕಳಿಸುವವರ ವಿಳಾಸ ಅಥವಾ ಸಬ್‌ನೆಟ್, ಒಂದು ಕೋಲನ್, ಆಮೇಲೆ ಪಡೆಯುವವರ ವಿಳಾಸ ಮತ್ತು ಪೋರ್ಟ್. ಸಾಲು ಬದಲಿಸಿ ಪ್ರೋಗ್ರಾಂ ಮತ್ತೆ ಶುರು ಮಾಡಿದರೆ ಮುಗಿಯಿತು. ಹೊಸ ಕಲೆಕ್ಟರ್ ಕೊಳ್ಳುವ ಮುಂಚೆ ಅದಕ್ಕೆ ನಿಜವಾದ ಟ್ರಾಫಿಕ್ ತೋರಿಸಿ ಪರೀಕ್ಷೆ ಮಾಡಬಹುದು. ನನಗೆ ಅತಿ ಜಾಸ್ತಿ ಉಪಯೋಗವಾಗಿರುವುದು ಇದೇ.

ಪ್ರೋಗ್ರಾಂ ಶುರು ಮಾಡುವಾಗ ಕೊಡುವ ದೊಡ್ಡಕ್ಷರದ ಎಸ್ (-S) ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅದನ್ನು ಹಾಕದಿದ್ದರೆ ಎಲ್ಲ ಪ್ಯಾಕೆಟ್‌ಗಳೂ ಈ ಯಂತ್ರದ ವಿಳಾಸದಿಂದಲೇ ಹೊರಡುತ್ತವೆ. ಕಲೆಕ್ಟರ್‌ಗೆ ಇಡೀ ಜಾಲ ಒಂದೇ ರೌಟರ್ ಅನಿಸುತ್ತದೆ. ವರದಿ ಗೊಂದಲ ಆಗುವುದಷ್ಟೇ ಅಲ್ಲ, ದಾಖಲೆಯೇ ಕೆಡಬಹುದು. ನೆಟ್‌ಫ್ಲೋದ 9ನೇ ಆವೃತ್ತಿಯಲ್ಲಿ ಮತ್ತು ಅದರಿಂದ ಬೆಳೆದ ಐಪಿಫಿಕ್ಸ್ ಎಂಬ ಮಾನದಂಡದಲ್ಲಿ ಯಾವ ಬೈಟ್ ಏನು ಅನ್ನುವುದನ್ನು ಟೆಂಪ್ಲೇಟ್ ಹೇಳುತ್ತದೆ. ಟೆಂಪ್ಲೇಟ್ ಸಂಖ್ಯೆ 256ರಿಂದ ಶುರು. ಎರಡು ರೌಟರ್‌ಗಳಿವೆ ಅನ್ನಿ: ಎರಡೂ 256 ಅನ್ನುತ್ತವೆ, ಎರಡರ ಸೋರ್ಸ್ ಐಡಿಯೂ (ಕಳಿಸುವವರನ್ನು ಗುರುತಿಸಲು ಪ್ಯಾಕೆಟ್‌ನಲ್ಲಿರುವ ಸಂಖ್ಯೆ) 0, ಆದರೆ ಒಳಗಿನ ಫೀಲ್ಡ್‌ಗಳು ಬೇರೆ ಬೇರೆ. ಇಂಥ ಎರಡು ರೌಟರ್‌ಗಳು ಒಂದೇ ವಿಳಾಸದಿಂದ ಬಂದರೆ ಒಬ್ಬರ ಟೆಂಪ್ಲೇಟ್ ಇನ್ನೊಬ್ಬರದನ್ನು ಅಳಿಸಿಬಿಡುತ್ತದೆ. ಪೋರ್ಟ್ ಇರಬೇಕಾದ ಜಾಗದಲ್ಲಿ ಬೈಟ್ ಎಣಿಕೆ ಬಂದು ಕೂರುತ್ತದೆ. ಎಸ್‌ಫ್ಲೋ ಎಂಬ ಇನ್ನೊಂದು ವಿಧಾನದಲ್ಲಿ ಏಜೆಂಟ್ ವಿಳಾಸ, ಅಂದರೆ ಕಳಿಸುವ ಸಾಧನದ ವಿಳಾಸ, ಪ್ಯಾಕೆಟ್ ಒಳಗೇ ಇರುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಎಸ್ ಹಾಕಿದರೆ ಮೂಲ ರೌಟರ್‌ನ ವಿಳಾಸ ಹಾಗೇ ಉಳಿಯುತ್ತದೆ. ಪ್ಯಾಕೆಟ್‌ನ ಹೆಡರನ್ನು ತಾನೇ ಬರೆಯಲು ಬಿಡುವ ರಾ ಸಾಕೆಟ್ ಬಳಸುವುದರಿಂದ ಇದಕ್ಕೆ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ, ಬೇಕು. ಜಾಲದ ದೃಷ್ಟಿಯಲ್ಲಿ ಇದು ಸುಳ್ಳು ವಿಳಾಸದ ಪ್ಯಾಕೆಟ್ ಅಲ್ವಾ? ಹಾಗಾಗಿ ದಾರಿಯಲ್ಲಿ ಎಲ್ಲಿ ಬೇಕಾದರೂ ಬಿದ್ದುಹೋಗಬಹುದು. ನಡುವಿನ ರೌಟರ್‌ನ ರಿವರ್ಸ್ ಪಾಥ್ ತಪಾಸಣೆ (ಪ್ಯಾಕೆಟ್ ತನ್ನ ಮೂಲ ವಿಳಾಸದ ಕಡೆಯಿಂದಲೇ ಬಂದಿದೆಯೇ ಅನ್ನುವ ಪರೀಕ್ಷೆ), ಕಲೆಕ್ಟರ್‌ನ ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಆರ್‌ಪಿ ಫಿಲ್ಟರ್, ವರ್ಚುವಲ್ ಮೆಷಿನ್‌ನ ಸ್ವಿಚ್ ಮಾಡುವ ಮೂಲ ವಿಳಾಸದ ಪರೀಕ್ಷೆ, ಈ ಮೂರನ್ನೂ ಮೊದಲೇ ನೋಡಿಕೊಳ್ಳಿ. ಕಲೆಕ್ಟರ್ ಯಂತ್ರದಲ್ಲಿ, ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದರೆ ಪ್ಯಾಕೆಟ್ ಕಾಣುತ್ತದೆ, ಕಲೆಕ್ಟರ್‌ಗೆ ಮಾತ್ರ ಸಿಗುವುದಿಲ್ಲ ಅಂದರೆ ಮೊದಲ ಅನುಮಾನ ಆರ್‌ಪಿ ಫಿಲ್ಟರ್ ಮೇಲೆ ಇರಲಿ. ಇನ್ನೊಂದು ವಿಚಾರ: ಕಲೆಕ್ಟರ್ ಸತ್ತಾಗ ಅದರ ಯಂತ್ರ ಕಳಿಸುವ ಐಸಿಎಂಪಿ ದೂರು (ತಲುಪಿಸಲಾಗಲಿಲ್ಲ ಅನ್ನುವ ಸಂದೇಶ) ಇಲ್ಲಿಗೆ ಬರುವುದಿಲ್ಲ, ಸೀದಾ ರೌಟರ್‌ಗೆ ಹೋಗುತ್ತದೆ. ಫೈರ್‌ವಾಲ್ ಲಾಗ್‌ನಲ್ಲಿ ಅದನ್ನು ಕಂಡು ಗಾಬರಿ ಆಗಬೇಡಿ. ಉಳಿದ ಕಲೆಕ್ಟರ್‌ಗಳಿಗೆ ಏನೂ ತೊಂದರೆ ಇಲ್ಲ.

ಈಗ ಕಡಿತ ಮಾಡಿದ ಅರ್ಧ ಅಂಕದ ವಿಷಯ. ಈ ಪ್ಯಾಕೆಟ್‌ಗಳು ಬರುವುದು ಯುಡಿಪಿಯಲ್ಲಿ, ಅಂದರೆ ತಲುಪಿತೇ ಅಂತ ನೋಡದೆ ಕಳಿಸುವ ವಿಧಾನದಲ್ಲಿ. ಅಲ್ಲಿ ಕಳೆದುಹೋದದ್ದು ಮತ್ತೆ ಬರುವುದಿಲ್ಲ. ರೌಟರ್‌ಗಳು ಪ್ಯಾಕೆಟ್‌ಗಳನ್ನು ಒಟ್ಟಿಗೆ ಸುರಿದಾಗ ಆಪರೇಟಿಂಗ್ ಸಿಸ್ಟಂನ ಕರ್ನೆಲ್ ಅವುಗಳನ್ನು ಸ್ವಲ್ಪ ಹೊತ್ತು ಇಡುವ ಬಫರ್ ತುಂಬಿ ಚೆಲ್ಲುತ್ತದೆ. ಅದು ಪ್ರೋಗ್ರಾಂ ಕಣ್ಣಿಗೆ ಬೀಳುವ ಮುಂಚೆಯೇ ಆಗುವುದರಿಂದ ಅದಕ್ಕೆ ಗೊತ್ತೇ ಆಗುವುದಿಲ್ಲ. ಬಿ ಆಯ್ಕೆಯಲ್ಲಿ ದೊಡ್ಡ ಬಫರ್ ಕೇಳಬಹುದು. ಆದರೆ ಬಫರ್ ಗಾತ್ರಕ್ಕೆ ಲಿನಕ್ಸ್ ಹಾಕುವ ಆರ್‌ಮೆಮ್ ಮ್ಯಾಕ್ಸ್ ಮಿತಿ ಸಾಮಾನ್ಯವಾಗಿ 212992 ಬೈಟ್ ಇರುತ್ತದೆ. ಅದಕ್ಕಿಂತ ಜಾಸ್ತಿ ಕೇಳಿದರೆ ಕರ್ನೆಲ್ ತಪ್ಪು ಅಂತ ಹೇಳುವುದಿಲ್ಲ, ಸುಮ್ನೆ ಕತ್ತರಿಸಿ ಕೊಡುತ್ತದೆ. ಮೊದಲು ಆ ಮಿತಿ ಏರಿಸಿ. ಆಮೇಲೆ ನೆಟ್‌ಸ್ಟಾಟ್ ತೋರಿಸುವ ಯುಡಿಪಿ ರಿಸೀವ್ ಬಫರ್ ಎರರ್ ಎಣಿಕೆಯನ್ನು ನಿಮ್ಮ ಮಾನಿಟರಿಂಗ್‌ಗೆ ಸೇರಿಸಿ. ಅದು ಏರುತ್ತಿದ್ದರೆ ಎಲ್ಲ ಕಲೆಕ್ಟರ್‌ಗಳಲ್ಲೂ ಒಂದೇ ಥರ ತೂತು ಬಿದ್ದಿರುತ್ತದೆ. ಎರಡು ಕಲೆಕ್ಟರ್‌ಗಳ ಲೆಕ್ಕ ತಾಳೆ ಆಯಿತು ಅಂತ ನೆಮ್ಮದಿಯಾಗಿರುವ ಹಾಗಿಲ್ಲ. ಕಲೆಕ್ಟರ್‌ನಲ್ಲಿ, ರೌಟರ್ ಪ್ಯಾಕೆಟ್‌ಗೆ ಹಾಕುವ ಸೀಕ್ವೆನ್ಸ್ (ಕ್ರಮ) ಸಂಖ್ಯೆ ನೋಡಿದರೆ ನಿಜ ಗೊತ್ತಾಗುತ್ತದೆ. ಆದರೆ ನೆಟ್‌ಫ್ಲೋದ 5ನೇ ಆವೃತ್ತಿಯಲ್ಲಿ ಆ ಸಂಖ್ಯೆ ಫ್ಲೋಗಳನ್ನು ಎಣಿಸುತ್ತದೆ, 9ರಲ್ಲಿ ಪ್ಯಾಕೆಟ್‌ಗಳನ್ನು.

ಹೊರಹೋಗುವ ಲಿಂಕ್‌ನ ಲೆಕ್ಕವನ್ನೂ ಹಾಕಿಕೊಳ್ಳಿ. ತುಂಬಿದ 5ನೇ ಆವೃತ್ತಿಯ ಪ್ಯಾಕೆಟ್‌ನಲ್ಲಿ 24 ಬೈಟ್ ಹೆಡರ್, 48 ಬೈಟ್‌ನ 30 ದಾಖಲೆಗಳು, ಒಟ್ಟು 1464 ಬೈಟ್. ಇಂಥವು ಸೆಕೆಂಡಿಗೆ 10,000 ಬಂದರೆ ಒಳಗೆ ಸುಮಾರು 120 ಮೆಗಾಬಿಟ್. ನಾಲ್ಕು ಕಲೆಕ್ಟರ್ ಇದ್ದರೆ ಹೊರಗೆ 480.

ಪಡೆಯುವವರ ವಿಳಾಸದ ಜೊತೆ ಇಷ್ಟು ಪ್ಯಾಕೆಟ್‌ಗೆ ಒಂದು ಕಳಿಸು ಅಂತಲೂ ಹೇಳಬಹುದು. 5ನೇ ಆವೃತ್ತಿಗೆ ಪರವಾಗಿಲ್ಲ. 9ಕ್ಕೂ ಐಪಿಫಿಕ್ಸ್‌ಗೂ ಇದನ್ನು ಮುಟ್ಟಲೇಬೇಡಿ. ಬಿಟ್ಟುಹೋದ ಪ್ಯಾಕೆಟ್‌ನಲ್ಲೇ ಟೆಂಪ್ಲೇಟ್ ಇದ್ದರೆ ಮುಂದಿನದು ಬರುವ ತನಕ ಬಂದ ದಾಖಲೆಗಳಿಗೆ ಅರ್ಥವೇ ಇರುವುದಿಲ್ಲ.

ನಿಮ್ಮಲ್ಲಿ ಆಗಲೇ ಎನ್‌ಎಫ್‌ಕ್ಯಾಪ್‌ಡಿ ಎಂಬ ಕಲೆಕ್ಟರ್ ಓಡುತ್ತಿದ್ದರೆ ಅದರದೇ ರಿಪೀಟರ್ ಆಯ್ಕೆ ನೋಡಿ, ಬೇರೆ ಪ್ರೋಗ್ರಾಂ ಬೇಕಾಗದೇ ಇರಬಹುದು. ಎಲ್ಲರಿಗೂ ಪ್ರತಿ ಕೊಡುವ ಬದಲು ಪ್ಯಾಕೆಟ್‌ಗಳನ್ನು ಹಲವು ಕಲೆಕ್ಟರ್‌ಗಳಿಗೆ ಪಾಲು ಮಾಡಿ ಹಂಚಬೇಕಿದ್ದರೆ, ಪಿಎಂಅಕೌಂಟ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನ ಟೀ ಪ್ಲಗಿನ್ ಒಳ್ಳೆಯದು. ಕಳಿಸುವ ರೌಟರ್ ಆಧಾರದ ಮೇಲೆ ಹಂಚಿದರೆ ಒಂದು ರೌಟರ್‌ನ ಟೆಂಪ್ಲೇಟ್ ಮತ್ತು ದಾಖಲೆ ಒಂದೇ ಕಡೆ ಹೋಗುತ್ತವೆ. ಸುಮ್ನೆ ಪ್ರತಿ ಮಾಡುವುದಷ್ಟೇ ಕೆಲಸವಾದರೆ ನಾನು ಸ್ಯಾಂಪ್ಲಿಕೇಟರ್ ಬಿಡುವುದಿಲ್ಲ. ಆದರೆ ನಿಮ್ಮ ರೌಟರ್‌ಗಳು ಐಪಿಫಿಕ್ಸ್ ಅನ್ನು ಟಿಸಿಪಿ ಅಥವಾ ಎಸ್‌ಸಿಟಿಪಿ ಮೇಲೆ ಕಳಿಸುತ್ತಿದ್ದರೆ ಇದನ್ನು ಹುಡುಕಿಕೊಂಡು ಬರಬೇಡಿ. ಇದಕ್ಕೆ ಗೊತ್ತಿರುವುದು ಯುಡಿಪಿ ಒಂದೇ.