ಮ್ಯಾಕ್ ಮೇಲೆ ಸಾಲಿಡ್‌ವರ್ಕ್ಸ್ "ಆರಾಮ ಓಡ್ತದ" ಅಂತಾರೆ, ನಂಬಬೇಡಿ

ಡಿಸೈನ್ ಕೆಲಸಕ್ಕೆ ಲ್ಯಾಪ್‌ಟಾಪ್ ತಗೊಳ್ಳೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಎರಡು ಲಕ್ಷದ ಹತ್ತಿರ ಸುರಿದು ತಂದ ಮ್ಯಾಕ್‌ಬುಕ್ ಪ್ರೊದಲ್ಲಿ ನಾನೀಗ ಮೇಲ್ ನೋಡ್ತೀನಿ, ಜಿಎಸ್‌ಟಿ ತುಂಬ್ತೀನಿ. ಅಷ್ಟೇ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಿಗೆ ವಾಲ್ವ್ ಬಾಡಿ, ಪಂಪ್ ಕೇಸಿಂಗ್ 3ಡಿ ಮಾಡೆಲ್ ಮಾಡಿಕೊಡೋದು ನನ್ನ ಕೆಲಸ. ಮಾಡೆಲ್ ಮಾಡೋದು ಸಾಲಿಡ್‌ವರ್ಕ್ಸ್‌ನಲ್ಲಿ, ಅದು ಒತ್ತಡ ತಡೆಯುತ್ತಾ ಅಂತ ಲೆಕ್ಕ ಹಾಕಿ ನೋಡೋದು ಆನ್ಸಿಸ್‌ನಲ್ಲಿ. ಆಫೀಸಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಇದೆ. ಪಾರ್ಟಿಗಳ ಹತ್ರ ಒಯ್ಯೋಕೆ ಹಗುರವಾದ, ಬ್ಯಾಟರಿ ನಿಲ್ಲೋ ಮಷಿನ್ ಬೇಕಿತ್ತು. ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಹೆಸರು ಬರೆದೇ ಕೇಳಿದ್ದೆ: ಸಾಲಿಡ್‌ವರ್ಕ್ಸ್, ಆನ್ಸಿಸ್ ಎರಡೂ ಓಡಬೇಕು, ಓಡ್ತಾವೇನ್ರಿ? ಥಂಬ್ಸ್‌ಅಪ್ ಬಂತು. ಹಿಂದೇನೇ "ಎಲ್ಲಾ ಓಡ್ತದ ಸರ, ಚಿಂತಿ ಬ್ಯಾಡ."

ಅಂಗಡಿಯಲ್ಲಿ ಪ್ಯಾರಲಲ್ಸ್ (ಮ್ಯಾಕ್ ಒಳಗೇ ವಿಂಡೋಸ್ ಓಡಿಸೋ ಸಾಫ್ಟ್‌ವೇರ್) ತೆರೆದು ಅದರೊಳಗೆ ವಿಂಡೋಸ್ ತೋರಿಸಿದ್ರು. ಸ್ಟಾರ್ಟ್ ಮೆನು ಬಂತು, ಎಕ್ಸೆಲ್ ತೆರೀತು. "ನೋಡ್ರಿ ಸರ, ಒಂದ ರೊಕ್ಕದಾಗ ಎರಡ ಕಂಪ್ಯೂಟರ್!" ನನಗೆ ಎಕ್ಸೆಲ್ ಯಾಕೆ ಬೇಕಾಗಿತ್ತು ಮಾರಾಯಾ?

ಅವರು ಬಾಯಿ ಬಿಡದ ವಿಷಯ ಇದು. 2020ರ ನವೆಂಬರ್‌ನಲ್ಲಿ ಎಂ1 ಬಂದಾಗಿಂದ ಮ್ಯಾಕ್‌ಗಳಲ್ಲಿರೋದು ಆ್ಯಪಲ್‌ನ ಸ್ವಂತ ಆರ್ಮ್ ಚಿಪ್, ಇಂಟೆಲ್‌ಗಿಂತ ಬೇರೆ ಜಾತಿಯದು. ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಹಾಕಿ ನೇರ ವಿಂಡೋಸ್ ಓಡಿಸ್ತಿದ್ವಲ್ಲ, ಈ ಚಿಪ್‌ನಲ್ಲಿ ಅದಿಲ್ಲ. ಪ್ಯಾರಲಲ್ಸ್ ಒಳಗೆ ಬರೋದು ಆರ್ಮ್‌ನ ವಿಂಡೋಸ್ 11. ಇಂಟೆಲ್‌ಗೆ ಬರೆದ ಸಾಫ್ಟ್‌ವೇರ್‌ನ ಅದು ಅನುವಾದ ಮಾಡ್ಕೊಂಡು ಓಡಿಸ್ಬೇಕು. ಎಕ್ಸೆಲ್‌ಗೆ ಏನೂ ಆಗಲ್ಲ. ಹತ್ತಾರು ಭಾಗ ಜೋಡಿಸಿದ ದೊಡ್ಡ ಅಸೆಂಬ್ಲಿಗೆ ಆಗುತ್ತೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಅಂತೂ ಇಲ್ಲವೇ ಇಲ್ಲ. ಇರೋ 16 ಜಿಬಿ ರ್ಯಾಮ್‌ನ ಮ್ಯಾಕೂ ವಿಂಡೋಸೂ ಹಂಚಿಕೊಂಡು ತಿನ್ನಬೇಕು, ಆಮೇಲೆ ಹೆಚ್ಚಿಸೋಣ ಅಂದ್ರೆ ಬರಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ಪಾರ್ಟಿ ಎದುರಿಗೆ. ಮಾಲೀಕರು, ಅವರ ಮಗ, ಕ್ಯೂಸಿ ಮನುಷ್ಯ ಎಲ್ಲರೂ ಸುತ್ತ ನಿಂತಿದ್ರು. ವಾಲ್ವ್ ಅಸೆಂಬ್ಲಿ ತೆರೆದೆ. ಮಾಡೆಲ್‌ನ ನಿಜವಾದ ಲೋಹದ ಹಾಗೆ ತೋರಿಸೋ ರಿಯಲ್‌ವ್ಯೂ ಬಟನ್ ಬೂದು ಬಣ್ಣದಲ್ಲಿ ಸತ್ತು ಕೂತಿತ್ತು, ಒತ್ತೋಕೇ ಬರ್ತಿಲ್ಲ. ಮೌಸ್‌ನಲ್ಲಿ ತಿರುಗಿಸಿದೆ. ಫ್ಲೇಂಜ್‌ನ ಅಂಚುಗಳು ಮಾಯ. ಬೋಲ್ಟ್ ತೂತುಗಳು ಮಾಯ. ಆಮೇಲೆ ಪರದೆ ಪೂರ್ತಿ ನಿಂತೇಬಿಡ್ತು. "ಇದಕ್ಕ ಎಷ್ಟ ಕೊಟ್ರಿ?" ಅಂತ ಮಾಲೀಕರು ಕೇಳಿದ್ರು. ಹೇಳಲಿಲ್ಲ. ಏನಂತ ಹೇಳ್ಲಿ? ಮಗ ನಕ್ಕೊಂಡು ಹೊರಗೆ ಹೋದ.

ಆನ್ಸಿಸ್ ಇನ್‌ಸ್ಟಾಲೇ ಪೂರ್ತಿ ಆಗಲಿಲ್ಲ. ಲೈಸೆನ್ಸ್ ಕೊಟ್ಟ ಡೀಲರ್‌ಗೆ ಫೋನ್ ಮಾಡಿದ್ರೆ ಒಂದೇ ಮಾತು: "ಮ್ಯಾಕ್‌ಗೆ, ಪ್ಯಾರಲಲ್ಸ್‌ಗೆ ನಮ್ಮ ಸಪೋರ್ಟ್ ಇಲ್ಲ ಸರ್. ತಗೊಳ್ಳೋ ಮುಂಚೆ ಒಂದು ಮಾತು ಕೇಳಬಾರದಾ?" ಕೇಳಿದ್ನಲ್ಲಪ್ಪಾ, ಮಾರೋನನ್ನೇ ಕೇಳಿದ್ದೆ!

ಈಗ ಅಂಗಡಿಯವರ ಉತ್ತರ ಕೇಳಿ. ಮೊದಲು "ಅಪ್‌ಡೇಟ್ ಹಾಕ್ರಿ ಸರ." ಹಾಕಿದೆ. "ಪ್ಯಾರಲಲ್ಸ್‌ದು ಪ್ರೊ ತಗೋರಿ." ಅದಕ್ಕೂ ರೊಕ್ಕ ಕಟ್ಟಿದೆ. ಆಮೇಲೆ ರಾಗ ಬದಲಾಯ್ತು: "ನಾವು ವಿಂಡೋಸ್ ಓಡ್ತದ ಅಂದಿದ್ವಿ, ನಿಮ್ಮ ಸಾಫ್ಟ್‌ವೇರ್ ಓಡ್ತದ ಅಂದಿಲ್ರಿ." ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. ಅದಕ್ಕೆ ಬಂದ ಉತ್ತರ: "ಥಂಬ್ಸ್‌ಅಪ್ ಅಂದ್ರ ಮೆಸೇಜ್ ನೋಡೀವಿ ಅಂತ ರೀ." ಮತ್ತೆ ಆ "ಎಲ್ಲಾ ಓಡ್ತದ"? ಅದಕ್ಕೆ ಬರೀ ನೀಲಿ ಟಿಕ್. ವಾಪಸ್ ತಗೋರಿ ಅಂದ್ರೆ ಸೀಲ್ ಒಡೆದದ್ದು ಬರಂಗಿಲ್ಲವಂತೆ. ಸೀಲ್ ಒಡೆಯದೆ ಸಾಫ್ಟ್‌ವೇರ್ ಹೇಗ್ರೀ ಹಾಕೋದು?

ಮಷಿನ್ ಕೆಟ್ಟದ್ದಲ್ಲ. ಮ್ಯಾಟ್‌ಲ್ಯಾಬ್ ನೇರ ಮ್ಯಾಕ್‌ಗೇ ಬರುತ್ತೆ, ಆಟೋಕ್ಯಾಡ್‌ಗೂ ಮ್ಯಾಕ್ ಆವೃತ್ತಿ ಇದೆ. ಆದ್ರೆ ಸಾಲಿಡ್‌ವರ್ಕ್ಸ್, ರೆವಿಟ್, ಕಟಿಯಾ ಇವೆಲ್ಲ ವಿಂಡೋಸ್‌ನವು. ಆನ್ಸಿಸ್‌ಗೆ ವಿಂಡೋಸ್ ಇಲ್ಲ ಲಿನಕ್ಸ್. ಎನ್‌ವಿಡಿಯಾ ಕಾರ್ಡ್ ಮೇಲೆ ಲೆಕ್ಕ ಓಡಿಸೋ CUDA ಬೇಕಾದ ಕೆಲಸ ಮ್ಯಾಕ್‌ನಲ್ಲಿ ಆಗಲ್ಲ. ಹಾಗಾಗಿ ಮೊದಲು ಸಾಫ್ಟ್‌ವೇರ್ ಕಂಪನಿಯ ಸಿಸ್ಟಮ್ ರಿಕ್ವೈರ್‌ಮೆಂಟ್ಸ್ ನೋಡಿ, ಆಮೇಲೆ ಲ್ಯಾಪ್‌ಟಾಪ್. ಡೆಮೊ ಕೊಡ್ತೀವಿ ಅಂದ್ರೆ ನಿಮ್ಮದೇ ಫೈಲ್ ಪೆನ್‌ಡ್ರೈವ್‌ನಲ್ಲಿ ಒಯ್ದು ನಿಮ್ಮ ಸಾಫ್ಟ್‌ವೇರ್‌ನಲ್ಲೇ ತೆರೆಸಿ. ಎಕ್ಸೆಲ್ ತೋರಿಸಿದ್ರೆ ಎದ್ದು ಬನ್ನಿ. "ಓಡ್ತದ" ಅನ್ನೋದನ್ನ ಕೊಟೇಶನ್ ಮೇಲೇ ಬರೆಸಿ.

1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದೀನಿ. ಅದು ಗೊತ್ತಾದ ಮೇಲೆ ಅಂಗಡಿಯಿಂದ ತಾವಾಗೇ ಫೋನ್ ಬಂತು. ವಿಂಡೋಸ್ ಲ್ಯಾಪ್‌ಟಾಪ್ ತಗೊಂಡ್ರೆ ಎರಡು ಸಾವಿರ ಡಿಸ್ಕೌಂಟ್ ಕೊಡ್ತಾರಂತೆ, ಬ್ಯಾಗ್ ಫ್ರೀ ಅಂತೆ.