ಲಂಡನ್ ಸುತ್ತಲು ಟ್ಯೂಬೋ ಬಸ್ಸೋ? ಅಮ್ಮನ ಜೊತೆ ಎಂಟು ದಿನ ಓಡಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಂಪು ಬಸ್ಸಿಗೆ. 2024ರ ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಎಂಟು ದಿನ ಲಂಡನ್‌ನಲ್ಲಿದ್ದೆ. ಅಮ್ಮನಿಗೆ 67 ವರ್ಷ, ಎರಡೂ ಮಂಡಿ ನೋವು. ಇಳಿದುಕೊಂಡಿದ್ದು ಕ್ಯಾಮ್ಡೆನ್ ಟೌನ್ ಹತ್ತಿರ. ಹೊರಡುವ ಮುಂಚೆ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಟ್ಯೂಬ್ (ಅಲ್ಲಿನ ಸುರಂಗ ರೈಲು) ಹಿಡಿಯಿರಿ, ಬಸ್ಸು ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲ ಮೂರು ದಿನ ಹಾಗೇ ಮಾಡಿದೆವು. ನಾಲ್ಕನೇ ದಿನ ಬಸ್ ಹತ್ತಿದ ಮೇಲೆ, ವಿಮಾನ ನಿಲ್ದಾಣಕ್ಕೆ ಹೋಗುವಾಗ ಬಿಟ್ಟರೆ, ಮತ್ತೆ ನೆಲದ ಕೆಳಗೆ ಇಳಿಯಲೇ ಇಲ್ಲ.

ಟ್ಯೂಬ್ ವೇಗದ ಬಗ್ಗೆ ಎರಡು ಮಾತಿಲ್ಲ. ಕ್ಯಾಮ್ಡೆನ್‌ನಿಂದ ಚೇರಿಂಗ್ ಕ್ರಾಸ್‌ಗೆ ಕಾಲು ಗಂಟೆಯೂ ಬೇಡ. ಆದರೆ ರೈಲಿನ ಒಳಗಿನ ಹೊತ್ತನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಎಸ್ಕಲೇಟರ್ ಇಳಿಯಬೇಕು, ಸುರಂಗದಂಥ ದಾರಿಯಲ್ಲಿ ನಡೆಯಬೇಕು, ಮಧ್ಯದಲ್ಲಿ ಎಲ್ಲೋ ಹದಿನೈದು ಇಪ್ಪತ್ತು ಮೆಟ್ಟಿಲು ಎದುರಾಗುತ್ತವೆ. ಲಿಫ್ಟ್ ಇಲ್ಲದ ಸ್ಟೇಷನ್‌ಗಳೇ ಜಾಸ್ತಿ. ಕೋವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಇದೆ, ಅದರ ಮುಂದೆ ಜನವೂ ಇರುತ್ತಾರೆ. ಕಾಯಲಾರದೆ ಮೆಟ್ಟಿಲ ಕಡೆ ತಿರುಗಿದರೆ 193 ಮೆಟ್ಟಿಲು! ಅದಕ್ಕಿಂತ ಬೇಜಾರಿನ ಸಂಗತಿ ಏನೆಂದರೆ, ನಾವು ಅಲ್ಲಿಗೆ ಬಂದಿದ್ದು ಲೆಸ್ಟರ್ ಸ್ಕ್ವೇರ್‌ನಿಂದ. ಎರಡರ ನಡುವೆ 300 ಮೀಟರ್ ಕೂಡ ಇಲ್ಲ. ಮ್ಯಾಪಿನಲ್ಲಿ ಅಷ್ಟು ದೂರ ಕಾಣುತ್ತೆ, ಮೇಲೆ ರಸ್ತೆಯಲ್ಲಿ ನಡೆದರೆ ಐದು ನಿಮಿಷದ ದಾರಿ. ಜುಲೈ ತಿಂಗಳು ಬೇರೆ, ಆಳದಲ್ಲಿ ಓಡುವ ಆ ಹಳೇ ಲೈನುಗಳಲ್ಲಿ ಎಸಿ ಇಲ್ಲ. "ಭೂಮಿ ಒಳಗೆ ಹೋಗಿ ಬರೋದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟೆಲ್ಲ ಆದರೂ ಟ್ಯೂಬ್ ಬಿಡುತ್ತಿರಲಿಲ್ಲವೇನೋ. ಬಿಡಿಸಿದ್ದು ಕಾರ್ಡಿನ ರಗಳೆ.

ಲಂಡನ್‌ನಲ್ಲಿ ಟಿಕೆಟ್ ಕೊಳ್ಳಬೇಕಾಗಿಯೇ ಇಲ್ಲ. ನಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಗೇಟಿನ ಹಳದಿ ಬಿಲ್ಲೆಗೆ ತಾಗಿಸಿದರೆ ಸಾಕು. ವಿದೇಶದ ಬಳಕೆ, ಟ್ಯಾಪ್ ಸೌಲಭ್ಯ ಎರಡನ್ನೂ ಇಲ್ಲಿಂದ ಹೊರಡುವ ಮುಂಚೆಯೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಂಡಿರಬೇಕು. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಹಾಗಾಗಿ ಅಮ್ಮನಿಗೊಂದು, ನನಗೊಂದು ಫಾರೆಕ್ಸ್ ಕಾರ್ಡ್ (ವಿದೇಶದ ಖರ್ಚಿಗೆ ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಕಾರ್ಡ್) ಮಾಡಿಸಿದ್ದೆ. ಅಮ್ಮ ತನ್ನದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ನನಗೆ ಬೆಂಗಳೂರು ಮೆಟ್ರೋದ ಅಭ್ಯಾಸ, ಪರ್ಸನ್ನೇ ತಾಗಿಸಿ ಮುಂದೆ ಹೋಗುವುದು. ನನ್ನ ಪರ್ಸಿನಲ್ಲಿ ಫಾರೆಕ್ಸ್ ಕಾರ್ಡಿನ ಪಕ್ಕದಲ್ಲೇ ಕ್ರೆಡಿಟ್ ಕಾರ್ಡ್ ಇತ್ತು. ಎರಡೂ ಒಂದೇ ಬ್ಯಾಂಕಿನದು, ಎರಡೂ ನೀಲಿ ಬಣ್ಣ.

ಎರಡನೇ ದಿನ ಹತ್ತೂವರೆಗೆ ಕ್ಯಾಮ್ಡೆನ್‌ನಲ್ಲಿ ಪರ್ಸ್ ತಾಗಿಸಿದೆ, ಗೇಟು ತೆರೆಯಿತು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ತಾಗಿಸಿದೆ, ಅಲ್ಲೂ ತೆರೆಯಿತು. ಮೂರು ಗಂಟೆಗೆ ಅದೇ ದಾರಿಯಲ್ಲಿ ವಾಪಸ್ ಬಂದೆವು. ತೊಂದರೆ ಆಗಿದೆ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ, ಯಾಕೆಂದರೆ ದುಡ್ಡು ಆಗಿಂದಾಗ ಕಟ್ ಆಗುವುದಿಲ್ಲ, ಇಡೀ ದಿನದ್ದನ್ನು ಕೂಡಿಸಿ ಆಮೇಲೆ ತೆಗೆದುಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಮೆಸೇಜ್ ನೋಡಿದರೆ ಅಮ್ಮನ ಕಾರ್ಡಿನಿಂದ ಹೋಗಿದ್ದು 5.60 ಪೌಂಡ್. ಅಮ್ಮನ ಪಕ್ಕದಲ್ಲೇ ಕೂತು ಅದೇ ರೈಲಿನಲ್ಲಿ ಹೋಗಿ ಬಂದ ನನಗೆ ಎರಡು ಕಾರ್ಡುಗಳಿಂದ ಸೇರಿ ಅದರ ಮೂರು ಪಟ್ಟಿಗಿಂತ ಜಾಸ್ತಿ!

ಆಗಿದ್ದು ಇಷ್ಟೇ. ಒಳಗೆ ಹೋಗುವಾಗ ಗೇಟು ಓದಿದ್ದು ಫಾರೆಕ್ಸ್ ಕಾರ್ಡನ್ನು, ಹೊರಗೆ ಬರುವಾಗ ಓದಿದ್ದು ಕ್ರೆಡಿಟ್ ಕಾರ್ಡನ್ನು. ಲೆಕ್ಕದ ಪ್ರಕಾರ ಒಬ್ಬ ಪ್ರಯಾಣಿಕ ಒಳಗೆ ಹೋದವನು ಹೊರಗೆ ಬರಲೇ ಇಲ್ಲ, ಇನ್ನೊಬ್ಬ ಒಳಗೆ ಹೋಗದೆಯೇ ಹೊರಗೆ ಬಂದ. ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಅತಿ ಹೆಚ್ಚಿನ ದರ ಹಾಕುತ್ತಾರೆ. ನನಗೆ ಅದು ಎರಡು ಸಲ ಬಿತ್ತು. ಕ್ರೆಡಿಟ್ ಕಾರ್ಡಿಗೆ ಬಿದ್ದಿದ್ದರ ಮೇಲೆ ಬ್ಯಾಂಕಿನ ಮಾರ್ಕಪ್ (ವಿದೇಶದ ಖರ್ಚಿಗೆ ಹಾಕುವ ಶುಲ್ಕ), ಅದರ ಮೇಲೆ ಜಿಎಸ್‌ಟಿ. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಅಂತ ಒಂದು ಮಿತಿ ಇದೆ, ಆದರೆ ಇಂಥ ಅರ್ಧಂಬರ್ಧ ಪ್ರಯಾಣದ ದುಡ್ಡು ಅದರೊಳಗೆ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಖಾತೆ ತೆರೆದು, ಎಲ್ಲಿ ಹತ್ತಿದ್ದು ಎಲ್ಲಿ ಇಳಿದಿದ್ದು ಅಂತ ತುಂಬಿಸಿ ಕೇಳುವುದರಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಒಂದರ ದುಡ್ಡು ವಾಪಸ್ ಬಂತು. ಇನ್ನೊಂದನ್ನು ನಾನೇ ಬಿಟ್ಟೆ, ನೋಡುವುದಕ್ಕೆ ಇಡೀ ಊರಿತ್ತು.

ಪರಿಹಾರ ಹುಡುಕಿದ್ದು ಅಮ್ಮ. ತನ್ನ ಸ್ಟಿಕರ್ ಪ್ಯಾಕೆಟ್‌ನಿಂದ ಒಂದು ಕೆಂಪು ಬೊಟ್ಟು ಬಿಡಿಸಿ ನನ್ನ ಫಾರೆಕ್ಸ್ ಕಾರ್ಡಿನ ಮೂಲೆಗೆ ಅಂಟಿಸಿದಳು. "ಬೊಟ್ಟಿರೋದನ್ನ ಮಾತ್ರ ಹೊರಗೆ ತೆಗಿ" ಅಂದಳು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಈಗ ಬಸ್ಸಿಗೆ ಬರುತ್ತೇನೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡ್ ತಾಗಿಸಬೇಕು. ಇಳಿಯುವಾಗ ಸುಮ್ನೆ ಇಳಿದು ಹೋಗಬಹುದು. ಈ ಒಂದು ಕಾರಣಕ್ಕೇ ನನ್ನ ಅರ್ಧ ಚಿಂತೆ ಕಳೆಯಿತು. ಎಷ್ಟೇ ದೂರ ಹೋದರೂ ಆಗ 1.75 ಪೌಂಡ್, ಅಂದರೆ ಸುಮಾರು 190 ರೂಪಾಯಿ. ಮೊದಲ ಸಲ ತಾಗಿಸಿದ ಒಂದು ಗಂಟೆಯೊಳಗೆ ಅದೇ ಕಾರ್ಡ್ ಹಿಡಿದು ಎಷ್ಟು ಬಸ್ ಬದಲಾಯಿಸಿದರೂ ಮತ್ತೆ ದುಡ್ಡಿಲ್ಲ. ದಿನವಿಡೀ ಬಸ್ಸಿನಲ್ಲೇ ಓಡಾಡಿದರೆ 5.25 ಪೌಂಡಿಗೆ ಮೀಟರ್ ನಿಲ್ಲುತ್ತಿತ್ತು. ಟ್ಯೂಬೂ ಸೇರಿದರೆ ಊರಿನ ನಡುಭಾಗಕ್ಕೆ ಆಗ ಆ ಮಿತಿ 8.50 ಇತ್ತು. ನಗದು ಮಾತ್ರ ತೆಗೆದುಕೊಳ್ಳುವುದಿಲ್ಲ, 2014ರಲ್ಲೇ ನಿಲ್ಲಿಸಿದ್ದಾರೆ.

ಬಸ್ಸಿನ ಒಳಗೆ ಮುಂದಿನ ಸ್ಟಾಪಿನ ಹೆಸರನ್ನು ಕೂಗಿ ಹೇಳುತ್ತದೆ, ಬೋರ್ಡಿನ ಮೇಲೂ ಬರುತ್ತದೆ. ನೆಲ ಫುಟ್‌ಪಾತಿನ ಮಟ್ಟಕ್ಕೇ ಇರುವುದರಿಂದ ಅಮ್ಮ ನನ್ನ ಕೈ ಹಿಡಿಯದೆ ಹತ್ತುತ್ತಿದ್ದಳು. ಕಷ್ಟ ಇರುವುದು ಮಹಡಿಗೆ ಹೋಗುವುದರಲ್ಲಿ, ಹತ್ತುತ್ತಿರುವಾಗಲೇ ಬಸ್ ಹೊರಟುಬಿಡುತ್ತದೆ. ಅದಕ್ಕೆ ನಾವು ಬಸ್ಸು ಹೊರಡುವ ಮೊದಲ ಸ್ಟಾಪಿಗೇ ಹೋಗುತ್ತಿದ್ದೆವು. ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ ಹೊರಡುವ 15ನೇ ನಂಬರಿನಲ್ಲಿ ನಿಧಾನಕ್ಕೆ ಮೇಲೆ ಹತ್ತಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತೆವು. ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್, ಟವರ್ ಆಫ್ ಲಂಡನ್, ಎಲ್ಲವೂ ಗಾಜಿನ ಎದುರಿಗೇ ಬಂದವು. ಸೇಂಟ್ ಪಾಲ್ಸ್ ಗೋಪುರ ಕಂಡಾಗ ಅಮ್ಮ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡುತ್ತಿದ್ದಳು. ಕ್ಯಾಮ್ಡೆನ್‌ನಿಂದ ಪಾರ್ಲಿಮೆಂಟ್ ಕಡೆಗೆ 24 ನೇರ ಹೋಗುತ್ತದೆ.

77 ನಮ್ಮಂಥವರಿಗೇ ಇದ್ದಂತಿದೆ. ವಾಟರ್‌ಲೂನಲ್ಲಿ ಹತ್ತಿ, ಲ್ಯಾಂಬೆತ್ ಸೇತುವೆಯ ಪಕ್ಕ ಹಾದು (ಸೇತುವೆ ಹತ್ತದೆ) ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಇಳಿದರೆ ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು. ಹತ್ತು ನಿಮಿಷ ನಿಂತು ಮುಂದಿನ 77 ಹತ್ತಿದೆವು, ಒಂದು ಗಂಟೆ ಆಗಿರಲಿಲ್ಲವಾದ್ದರಿಂದ ಟಿಕೆಟ್ ದುಡ್ಡು ಬೀಳಲಿಲ್ಲ. ಆ ಬಸ್ಸು ಕೊನೆಗೆ ಮುಟ್ಟುವುದು ಟೂಟಿಂಗ್, ಅಲ್ಲಿ ದೋಸೆ ಸಿಗುವ ಹೋಟೆಲುಗಳಿವೆ. ಆರು ದಿನದ ಮೇಲೆ ಸಾಂಬಾರ್ ವಾಸನೆ!

ನಿಧಾನ ಅನ್ನುವುದು ನಿಜ. ಟ್ಯೂಬಿನಲ್ಲಿ 20 ನಿಮಿಷ ಆಗುವುದಕ್ಕೆ ಬಸ್ಸಿನಲ್ಲಿ 50 ನಿಮಿಷ ಆಗಿದ್ದೂ ಇದೆ. ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಪಕ್ಕದಲ್ಲಿ ನಡೆಯುವವರು ನಮ್ಮನ್ನು ದಾಟಿ ಹೋದರು.

ಪ್ರವಾಸಿಗರ ಹಾಪ್-ಆನ್ ಹಾಪ್-ಆಫ್ (ಒಂದೇ ಟಿಕೆಟಿನಲ್ಲಿ ಬೇಕಾದಲ್ಲಿ ಇಳಿದು ಹತ್ತಬಹುದಾದ) ಬಸ್ಸನ್ನೂ ಒಂದು ದಿನ ನೋಡಿದೆವು. ಇಬ್ಬರಿಗೆ ಸೇರಿ 80 ಪೌಂಡ್ ಹತ್ತಿರ ಕೊಟ್ಟು ಮೊದಲೇ ಬುಕ್ ಮಾಡಿದ್ದೆ. ಒಂದು ಸ್ಟಾಪಿನಲ್ಲಿ 35 ನಿಮಿಷ ಕಾದೆವು, ಬಂದ ಬಸ್ ತುಂಬಿತ್ತು. 15ರಲ್ಲಿ ಕಂಡಿದ್ದೇ ಅದರಲ್ಲೂ ಕಂಡಿತು. ಕಿವಿಗೆ ಹಾಕಿಕೊಳ್ಳುವ ವಿವರಣೆ ಮಾತ್ರ ಚೆನ್ನಾಗಿತ್ತು.

ಆಯ್ಸ್ಟರ್ ಕಾರ್ಡ್ (ದುಡ್ಡು ತುಂಬಿಸಿ ಬಸ್ಸು, ಟ್ಯೂಬಿನಲ್ಲಿ ತಾಗಿಸುವ ಅಲ್ಲಿನ ಪ್ರಯಾಣದ ಕಾರ್ಡ್) ಕೊಳ್ಳಲಿಲ್ಲ. ಕಾರ್ಡಿಗೇ ಆಗ 7 ಪೌಂಡ್, ಅದು ವಾಪಸ್ ಬರುವುದಿಲ್ಲ. ಟ್ಯಾಪ್ ಆಗುವ ಕಾರ್ಡ್ ಇಲ್ಲದವರಿಗೆ ಅದು ಅನುಕೂಲ. 60 ದಾಟಿದವರಿಗೆ ಇರುವ ಉಚಿತ ಪಾಸ್ ಅಲ್ಲಿ ವಾಸ ಇರುವವರಿಗೆ ಮಾತ್ರ.

ಎರಡೇ ದಿನಕ್ಕೆ ಹೋಗುವವರು, ದಿನಕ್ಕೆ ಆರು ಜಾಗ ನೋಡಲೇಬೇಕು ಅನ್ನುವವರು ಟ್ಯೂಬ್ ಹಿಡಿಯಲಿ. ನಾವು ದಿನಕ್ಕೆ ಎರಡು ಜಾಗ ನೋಡುವವರು, ಮಧ್ಯಾಹ್ನ ಒಂದು ಗಂಟೆ ಎಲ್ಲಾದರೂ ಕೂರಬೇಕು. ಕೊನೆಯ ಐದು ದಿನ ಇಬ್ಬರಿಗೆ ಸೇರಿ ಮಾಮೂಲಿ ಬಸ್ಸಿನ ಖರ್ಚು ಯಾವ ದಿನವೂ 10.50 ಪೌಂಡ್ ದಾಟಲಿಲ್ಲ. ವಿಮಾನ ನಿಲ್ದಾಣಕ್ಕೆ ಮಾತ್ರ ಬಸ್ಸಿನ ಹಟ ಮಾಡಲಿಲ್ಲ. ಹೀಥ್ರೂಗೆ ಟ್ಯೂಬಿನ ಪಿಕಡಿಲಿ ಲೈನ್ 5.60, ಎಲಿಜಬೆತ್ ಲೈನ್ ಅನ್ನುವ ಇನ್ನೊಂದು ರೈಲು 13.30 ಪೌಂಡ್ ಇತ್ತು. ಎರಡು ಸೂಟ್‌ಕೇಸು, ಅಮ್ಮನ ಮಂಡಿ ಎರಡನ್ನೂ ನೋಡಿ, ಲಿಫ್ಟ್, ಎಸಿ ಎರಡೂ ಇರುವ ಎಲಿಜಬೆತ್ ಲೈನಿಗೇ ದುಡ್ಡು ಕೊಟ್ಟೆ.